‘ನೈಸ್’ ಪದದ ಪೂರ್ವಾಶ್ರಮ

ಸೀರೆ ನೈಸ್, ಸಿನಿಮಾ ನೈಸ್, ಪಕ್ಕದ ಮನೆಯವರೂ ನೈಸ್! ಇಂಗ್ಲಿಷ್ ಓದದವರ ನಾಲಿಗೆಯ ಮೇಲೂ ಸಲೀಸಾಗಿ ಕುಣಿಯುವ ಪದವಿದು. ಅಡುಗೆಮನೆಯಲ್ಲಿ ಮಸಾಲೆಯನ್ನು ‘ನೈಸಾಗಿ’ ರುಬ್ಬುತ್ತೇವೆ. ಸಾಲ ಕೊಟ್ಟವನು ಎದುರಾದರೆ ಕೆಲವರು ‘ನೈಸಾಗಿ’ ಜಾರಿಕೊಳ್ಳುವುದೂ ಉಂಟು.

ಇಷ್ಟೊಂದು ಸಭ್ಯ ಪದದ ಪೂರ್ವಾಶ್ರಮ ಮಾತ್ರ ಅಷ್ಟೇನೂ ಸಭ್ಯವಲ್ಲ. ಇದರ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’. ‘ನೆ’ ಎಂದರೆ ಇಲ್ಲ, ‘ಸ್ಕಿರೆ’ ಎಂದರೆ ತಿಳಿಯುವುದು. ಅಂದರೆ, ಏನೂ ತಿಳಿಯದವನು! ಹಳೆಯ ಫ್ರೆಂಚ್ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ‘ನೈಸ್’ ಎಂದರೆ ಪೆದ್ದ ಎಂದೇ ಅರ್ಥ. ಮುಂದೆ ನಾಚಿಕೆಯವ, ನಾಜೂಕಿನವ, ಎಲ್ಲದರಲ್ಲೂ ಕೊಂಕು ತೆಗೆಯುವವ ಎಂದೆಲ್ಲ ವೇಷ ಬದಲಿಸಿ, 16ನೇ ಶತಮಾನದ ಕೊನೆಯ ವೇಳೆಗೆ ‘ಕರಾರುವಾಕ್ಕು’ ಎಂಬ ಅರ್ಥಕ್ಕೆ ಬಂತು. ‘ಹಿತವಾದದ್ದು’ ಎಂಬ ಅರ್ಥ 18ನೇ ಶತಮಾನದ್ದು. ಎಲ್ಲದಕ್ಕೂ ನೈಸ್ ಎನ್ನುವ ಚಾಳಿಯನ್ನು ಜೇನ್ ಆಸ್ಟೆನ್, 1817ರ ಕೊನೆಯಲ್ಲಿ ಪ್ರಕಟವಾದ ‘ನಾರ್ಥ್ಯಾಂಗರ್ ಅಬ್ಬೆ’ ಕಾದಂಬರಿಯಲ್ಲಿ ಒಂದು ಪಾತ್ರದ ಬಾಯಿಂದ ಗೇಲಿ ಮಾಡಿಸಿದ್ದಾಳೆ.

ಇದು ಪರದೇಶದ ವಿಚಿತ್ರವೆಂದು ನಾವು ನಗಬೇಕಿಲ್ಲ. ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನಿಂದ ಮೂಢ, ಮುಗ್ಧ ಎರಡೂ ಹುಟ್ಟಿವೆ. ಅಣ್ಣ ದಡ್ಡನಾಗಿಯೇ ಉಳಿದ. ತಮ್ಮ ಸರಳ, ಚೆಲುವ ಎನಿಸಿಕೊಂಡ.

ವಿಜ್ಞಾನದ ಮೇಷ್ಟರಾದ ನನಗೆ ಹೆಚ್ಚು ಖುಷಿ ಕೊಡುವುದು ಇನ್ನೊಂದು ನಂಟು. ‘ಸೈನ್ಸ್’ ಹುಟ್ಟಿದ್ದೂ ಅದೇ ‘ಸ್ಕಿರೆ’ಯಿಂದ. ಸೈನ್ಸ್ ಎಂದರೆ ತಿಳಿವು, ನೈಸ್ ಎಂದರೆ ತಿಳಿಗೇಡಿ. ಇಬ್ಬರೂ ಒಂದೇ ಮನೆಯ ಮಕ್ಕಳು!

ಗಂಜಿಗೆ ಅಯೋಡಿನ್ ಹಾಕುವ ಪ್ರಯೋಗ ಮಾಡಿ, ರೆಕಾರ್ಡ್ ಪುಸ್ತಕದಲ್ಲಿ ‘ಬಣ್ಣ ಚೆನ್ನಾಗಿ ಬಂತು’ ಎಂದು ಬರೆಯುವ ಮಕ್ಕಳಿದ್ದಾರೆ. ‘ಚೆನ್ನಾಗಿ ಅಂದರೆ ಯಾವ ಬಣ್ಣ?’ ಎಂದರೆ ಪಕ್ಕದವರ ಮುಖ ನೋಡಿ ಏನೋ ಒಂದು ಹೇಳಿಬಿಡುತ್ತಾರೆ. ಗೊತ್ತಿಲ್ಲ ಎನ್ನಲು ಅವರಿಗೆ ಭಯ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಗೊತ್ತಿಲ್ಲ ಸಾರ್, ಇನ್ನೊಂದ್ಸಲ ಮಾಡಿ ನೋಡ್ಲಾ?’ ಎಂದಳು. ತರಗತಿಯೆಲ್ಲ ನಕ್ಕಿತು. ನಾನು ಅವಳ ಕೈಗೆ ಇನ್ನೊಂದು ಟೆಸ್ಟ್ ಟ್ಯೂಬ್ ಕೊಟ್ಟೆ. ಹನಿ ಹನಿಯಾಗಿ ಅಯೋಡಿನ್ ಹಾಕಿ, ಕಣ್ಣು ಕಿರಿದು ಮಾಡಿ ನೋಡಿ, ‘ನೀಲಿಗಪ್ಪು’ ಎಂದು ಬರೆದಳು.

‘ತಿಳಿಯದು’ ಎಂಬಲ್ಲಿಂದ ಹೊರಟು ‘ಕರಾರುವಾಕ್ಕು’ ಎಂಬಲ್ಲಿಗೆ ತಲುಪಲು ಆ ಇಂಗ್ಲಿಷ್ ಪದಕ್ಕೆ ಸುಮಾರು 300 ವರ್ಷ ಹಿಡಿಯಿತು. ಅವಳಿಗೆ 10 ನಿಮಿಷ ಸಾಕಾಯಿತು.