ಬರಲಿರುವ ಗಾಡಿ

ಕಚೇರಿಯ ಕಡತಗಳ ಮೇಲೆ ದಿನವೂ 'ಪರಿಶೀಲನೆಯಲ್ಲಿದೆ' ಎಂದು ಬರೆಯುವವನು ನಾನು. ಕಾಯುವವರ ಪಾಡೇನೆಂದು ಈಗ ತಿಳಿಯುತ್ತಿದೆ. 2023ರ ಆಗಸ್ಟ್ 15ರಂದು ಮಹೀಂದ್ರಾದವರು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ವಿದ್ಯುತ್ತಿನಿಂದ ಓಡುವ ಥಾರ್ ಗಾಡಿಯ ಮಾದರಿಯೊಂದನ್ನು ತೋರಿಸಿದರು. ಸರಿಯಾಗಿ ಎರಡು ವರ್ಷಕ್ಕೆ, 2025ರ ಅದೇ ದಿನ, ನಮ್ಮ ಮುಂಬಯಿಯಲ್ಲೇ 'ವಿಷನ್ ಟಿ' ಎಂಬ ಮತ್ತೊಂದು ಮಾದರಿ ಬಂತು. ನಾನು ಕಾಯುತ್ತಲೇ ಇದ್ದೇನೆ.

"ಲೋಕಲ್ ರೈಲಿನಲ್ಲಿ ನಿಂತು ಹೋಗುವವರಿಗೆ ಜೀಪಿನ ಚಿಂತೆಯೇ?" ಎಂದು ನನ್ನಾಕೆ ನಗುತ್ತಾಳೆ. ಚಿಂತೆ ಮುಂಬಯಿಯದಲ್ಲ, ಶಿರಸಿ ಸೀಮೆಯ ನಮ್ಮ ಮನೆಯ ಏರುದಾರಿಯದು. ಹೋದ ಮಳೆಗಾಲದಲ್ಲಿ ಬಾಡಿಗೆ ಕಾರು ಆ ಕೆಸರನ್ನು ಹತ್ತಲಿಲ್ಲ. ಜ್ವರದ ಆಯಿಯನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿನ ರಸ್ತೆಗೆ ಹೊತ್ತು ತಂದೆವು. ಎಂಜಿನ್ನಿಗೆ ಬಲ ಬರಬೇಕಾದರೆ ಅದು ವೇಗವಾಗಿ ತಿರುಗಬೇಕು. ವಿದ್ಯುತ್ ಮೋಟಾರಾದರೋ ನಿಂತಲ್ಲಿಂದಲೇ ಪೂರ್ಣ ಬಲದಿಂದ ಎಳೆಯುತ್ತದೆ. ನಮ್ಮ ಏರಿಗೆ ಬೇಕಾದದ್ದು ಅದೇ.

ಇದನ್ನೆಲ್ಲ ಆಯಿಗೆ ಫೋನಿನಲ್ಲಿ ವಿವರಿಸಿದೆ.

"ಮಳೆಗಾಲದಲ್ಲಿ ನಾಕು ದಿನ ಕರೆಂಟೇ ಇರ್ತಿಲ್ಲೆ ತಮಾ, ನಿನ್ನ ಗಾಡಿಗೆ ಎಂತ ಹಾಕವು?" ಎಂದಳು. ನಾನು ಸುಮ್ಮನಾದೆ. "ಅದು ಬಂದಾಗ ಬರ್ಲಿ. ನೀ ಬಸ್ಸು ಹತ್ತಿ ಬಾ."

ಅಂದೇ ರಜೆಗೆ ಅರ್ಜಿ ಕೊಟ್ಟೆ. ಸದ್ಯ ಅದು ಪರಿಶೀಲನೆಯಲ್ಲಿದೆ.