ಚಳ್ಳಕೆರೆಯಿಂದ ಇಪ್ಪತ್ತೊಂದು ಕಿಲೋಮೀಟರ್

ಎರಡು ದಿನ ರಜೆ ಸಿಕ್ಕಿತೆಂದರೆ ಮನೆಮಂದಿಯೆಲ್ಲ ಬೆಂಗಳೂರಿಗೆ ಹೋಗಿ ಬರುವುದು ನಮ್ಮ ಚಳ್ಳಕೆರೆಯವರಿಗೆ ಹೊಸತೇನಲ್ಲ. ಮದುವೆ, ಆಸ್ಪತ್ರೆ, ಬಟ್ಟೆ ಖರೀದಿ, ಈ ಮೂರರಲ್ಲಿ ಒಂದು ಕಾರಣ ಇದ್ದೇ ಇರುತ್ತದೆ. ನಾನು ಹೇಳಹೊರಟಿರುವ ಪ್ರವಾಸಕ್ಕೆ ಇವು ಯಾವುವೂ ಕಾರಣವಲ್ಲ. ಆ ಭಾನುವಾರ ಬೆಳಿಗ್ಗೆ ನಾನು ಬೆಂಗಳೂರಿನ ರಸ್ತೆಗಳಲ್ಲಿ ಅರ್ಧ ಮ್ಯಾರಥಾನ್ ಓಡಬೇಕಿತ್ತು. ನಮ್ಮ ಮನೆಯವರು, ಇಬ್ಬರು ಮಕ್ಕಳು ಹಾಗೂ ನನ್ನ ಅಮ್ಮಿ ಜೊತೆಗಿದ್ದರು.

ಅರ್ಧ ಮ್ಯಾರಥಾನ್ ಎಂದರೆ ಎಷ್ಟು ದೂರ ಎಂದು ನೀವು ಕೇಳಬಹುದು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ 42.195 ಕಿ.ಮೀ. ದೂರವೇ 1921ರಲ್ಲಿ ಮ್ಯಾರಥಾನ್‌ನ ಅಧಿಕೃತ ದೂರವಾಯಿತು. ಅದರ ಅರ್ಧ, ಅಂದರೆ 21 ಕಿಲೋಮೀಟರಿಗಿಂತ ನೂರು ಮೀಟರಿನಷ್ಟು ಹೆಚ್ಚು. ನಮ್ಮೂರ ಲೆಕ್ಕದಲ್ಲಿ ಹೇಳುವುದಾದರೆ ಚಿತ್ರದುರ್ಗಕ್ಕೆ ಹೋಗುವ ದಾರಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ಬಸ್ಸಿನಲ್ಲಿ ಕುಳಿತರೆ ಒಂದು ನಿದ್ದೆಗೂ ಸಾಲದ ದೂರ. ಕಾಲಿಗೆ ಮಾತ್ರ ಅದು ಬೇರೆಯೇ ಲೆಕ್ಕ.

ನಲವತ್ತು ದಾಟಿದ ಗೃಹಿಣಿಗೆ ಈ ಹುಚ್ಚು ಹಿಡಿದದ್ದು ಅಮ್ಮಿಯ ಕಾಲಿನಿಂದ. ಸಕ್ಕರೆ ಕಾಯಿಲೆಯಿಂದ ಅವರ ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಅವರ ಆರೈಕೆಗೆಂದು ಆಸ್ಪತ್ರೆಯಲ್ಲಿದ್ದಾಗ ವೈದ್ಯರು ನನ್ನ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.2 ಬಂತು. 5.7ರಿಂದ 6.4ರವರೆಗೆ ಗಡಿ, 6.5 ಆದರೆ ಕಾಯಿಲೆಯೇ. "ಗಡಿಯಲ್ಲಿದ್ದೀರಿ, ಹಿಂದೆ ಹೋಗಲೂ ಬಹುದು" ಎಂದರು. ಆ 'ಹಿಂದೆ ಹೋಗಲೂ ಬಹುದು' ಎಂಬ ಮಾತೇ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಶುಗರ್ ದೂರವಿಡಲು ಯಾರೂ 21 ಕಿಲೋಮೀಟರ್ ಓಡಬೇಕಾಗಿಲ್ಲ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಸಾಕೆಂದು ವೈದ್ಯರು ಹೇಳುತ್ತಾರೆ. ನಾನೂ ನಡಿಗೆಯಿಂದಲೇ ಶುರು ಮಾಡಿದೆ. ನಡೆಯುತ್ತ ನಡೆಯುತ್ತ ಓಡಬೇಕೆನಿಸಿತು, ಅಷ್ಟೇ.

ಓಡುವವರಿಗೆ ಚಳ್ಳಕೆರೆ ಒಂದು ರೀತಿಯಲ್ಲಿ ಒಳ್ಳೆಯ ಊರು, ಇನ್ನೊಂದು ರೀತಿಯಲ್ಲಿ ಕಷ್ಟದ ಊರು. ನೆಲ ಬಹುಮಟ್ಟಿಗೆ ಸಮತಟ್ಟು. ಆದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ಬೇಸಿಗೆಯಲ್ಲಿ ಏಳು ಗಂಟೆಗೇ ಬಿಸಿಲು ಬೆನ್ನು ಸುಡುತ್ತದೆ. ಹಾಗಾಗಿ ಬೆಳಕು ಹರಿಯುವಾಗಲೇ ಹೊರಡಬೇಕು. ಎಣ್ಣೆ ಗಿರಣಿಗಳ ಕಡೆಯಿಂದ ಬರುವ ಶೇಂಗಾ ಹಿಂಡಿಯ ವಾಸನೆ ಊರು ಮುಗಿಯುವವರೆಗೂ ಜೊತೆಗೇ ಬರುತ್ತದೆ. ಮೊದಮೊದಲು ಮನೆಯವರು ಸ್ಕೂಟರಿನಲ್ಲಿ ಹಿಂದೆಯೇ ಬರುತ್ತಿದ್ದರು. ಜನ ಏನೆಂದಾರೋ ಎಂಬ ಅಳುಕು ನನಗಿಂತ ಅವರಿಗೇ ಹೆಚ್ಚಿತ್ತು. ಜನ ಅಂದದ್ದೂ ಉಂಟು. ಆದರೆ ನನಗೆ ನೆನಪಿರುವುದು ಕುರಿ ಕಾಯುವ ಅಜ್ಜ ಒಬ್ಬರ ಮಾತು. "ಯಾಕವ್ವ ಹಂಗೆ ಓಡ್ತೀಯ, ನಾಯಿಗೀಯಿ ಅಟ್ಟಿಸ್ಕೊಂಡು ಬಂದವಾ?" ಎಂದು ಕೋಲು ಹಿಡಿದು ನಿಂತೇಬಿಟ್ಟರು. ಬೆಂಗಳೂರಿನಲ್ಲಿ ದುಡ್ಡು ಕಟ್ಟಿ ಓಡಲಿಕ್ಕಿದೆ ಎಂದಾಗ ಅವರು ನಕ್ಕದ್ದು ನೋಡಬೇಕಿತ್ತು. ಕುರಿಮಂದೆಯ ಹಿಂದೆ ತಿಂಗಳುಗಟ್ಟಲೆ ನಡೆಯುವವರಿಗೆ ಇದು ತಮಾಷೆಯಾಗಿ ಕಂಡರೆ ತಪ್ಪೇನು?

ಉಡುಪಿನ ಬಗ್ಗೆ ಹಲವು ಸಹೋದರಿಯರು ಕೇಳುತ್ತಾರೆ. ಸಡಿಲವಾದ ಉದ್ದ ತೋಳಿನ ಅಂಗಿ, ಟ್ರ್ಯಾಕ್ ಪ್ಯಾಂಟ್, ಬೆವರು ಬೇಗ ಆರುವ ಬಟ್ಟೆಯ ಸ್ಕಾರ್ಫ್. ಇಷ್ಟರಲ್ಲಿ ನಾನು ಆರಾಮವಾಗಿ ಓಡಿದ್ದೇನೆ. ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಲು ಅವಕಾಶ ಸಿಕ್ಕಿದ್ದೇ 1984ರಲ್ಲಿ. ನಲವತ್ತು ವರ್ಷಗಳ ನಂತರ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆ ಓಟ ಗೆದ್ದವರು ಸಿಫಾನ್ ಹಸನ್. ಇಥಿಯೋಪಿಯಾದಲ್ಲಿ ಹುಟ್ಟಿ, ಹದಿಹರೆಯದಲ್ಲಿ ನಿರಾಶ್ರಿತೆಯಾಗಿ ನೆದರ್ಲೆಂಡ್ಸ್ ಸೇರಿದವರು. ಅದೇ ಒಲಿಂಪಿಕ್ಸ್‌ನ 5,000 ಮತ್ತು 10,000 ಮೀಟರ್ ಓಟಗಳಲ್ಲಿ ಕಂಚು ಪಡೆದು, ಎರಡನೆಯದು ಮುಗಿದು ಎರಡು ದಿನ ತುಂಬುವ ಮೊದಲೇ 42 ಕಿಲೋಮೀಟರ್ ಓಡಿ 2 ಗಂಟೆ 22 ನಿಮಿಷ 55 ಸೆಕೆಂಡಿನಲ್ಲಿ ಒಲಿಂಪಿಕ್ ದಾಖಲೆ ಬರೆದರು. ಚಿನ್ನದ ಪದಕ ಕೊರಳಿಗೆ ಬೀಳುವಾಗ ಅವರ ತಲೆಯ ಮೇಲೆ ಹಿಜಾಬ್ ಇತ್ತು. ನನ್ನ ಮಗಳು ಆ ಚಿತ್ರವನ್ನು ಕತ್ತರಿಸಿ ಬೀರುವಿಗೆ ಅಂಟಿಸಿದ್ದಾಳೆ.

ಇನ್ನು ಪ್ರಯಾಣದ ವಿಷಯ. ಬೆಂಗಳೂರು ಮ್ಯಾರಥಾನ್ 2014ರಲ್ಲಿ ಶುರುವಾಯಿತು. ಕಂಠೀರವ ಕ್ರೀಡಾಂಗಣದಿಂದ ಓಟ ಹೊರಡುತ್ತದೆ. ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿಯನ್ನು ಓಟದ ಮುಂಚಿನ ದಿನಗಳಲ್ಲೇ ಹೋಗಿ ಪಡೆಯಬೇಕು. ಆದ್ದರಿಂದ ದೂರದೂರಿನವರು ಶನಿವಾರವೇ ಬೆಂಗಳೂರು ಸೇರಬೇಕು. ಇದೇ ನಮಗೆ ಕುಟುಂಬ ಪ್ರವಾಸಕ್ಕೆ ನೆಪವಾಯಿತು. ಚಳ್ಳಕೆರೆಯಿಂದ ಹಿರಿಯೂರು, ಶಿರಾ, ತುಮಕೂರು ದಾಟಿ ಸುಮಾರು 200 ಕಿ.ಮೀ. ಬೆಳಗಿನ ಸರ್ಕಾರಿ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಬೆಂಗಳೂರು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಪುಣ್ಯದಿಂದ ಅಮ್ಮಿ, ನಾನು, ಮಗಳು ಮೂವರಿಗೂ ಟಿಕೆಟ್ ಉಚಿತ. ಅಪ್ಪ-ಮಗ ಮಾತ್ರ ದುಡ್ಡು ಕೊಟ್ಟರು. ಉಳಿದ ಹಣದಲ್ಲಿ ಶಿವಾಜಿನಗರದ ಬಳಿ ಸಾಧಾರಣ ಲಾಡ್ಜಿನಲ್ಲಿ ಎರಡು ಕೋಣೆ ಹಿಡಿದೆವು. ಅಲ್ಲಿಂದ ಕ್ರೀಡಾಂಗಣಕ್ಕೆ ಆಟೋದಲ್ಲಿ ಹತ್ತು ನಿಮಿಷ. ಭಾನುವಾರ ಮೆಟ್ರೊ ಸಾಮಾನ್ಯವಾಗಿ ತಡವಾಗಿ ಶುರುವಾಗುತ್ತದೆ, ಅದನ್ನೇ ನಂಬಿ ಕೂರಬೇಡಿ.

ಶನಿವಾರ ಸಂಜೆ ಮಕ್ಕಳಿಗೆ ಊರು ತೋರಿಸಬೇಕು, ಮರುದಿನಕ್ಕೆ ನಿಮ್ಮ ಕಾಲೂ ಉಳಿಯಬೇಕು. ನನ್ನ ಉಪಾಯ ಹೀಗಿತ್ತು: ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಅಪ್ಪನ ಜೊತೆ ಮಕ್ಕಳು, ಪಕ್ಕದ ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ನಾನು ಮತ್ತು ಅಮ್ಮಿ. ಮದುವೆ ಮನೆ, ಆಸ್ಪತ್ರೆ ಬಿಟ್ಟರೆ ಅಮ್ಮಿ ಬೆಂಗಳೂರಿನಲ್ಲಿ ಏನನ್ನೂ ನೋಡಿರಲಿಲ್ಲ. ದೊಡ್ಡ ದೊಡ್ಡ ಮರಗಳನ್ನು ನೋಡುತ್ತ "ಇಷ್ಟು ನೆರಳು ನಮ್ಮೂರಲ್ಲಿದ್ದಿದ್ದರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಶಿವಾಜಿನಗರದ ಕಬಾಬಿನ ಹೊಗೆ ಎಷ್ಟೇ ಕರೆದರೂ ಆ ರಾತ್ರಿ ನನಗೆ ಬರೀ ಅನ್ನ, ಮೊಸರು. ಓಟದ ಹಿಂದಿನ ದಿನ ಹೊಸ ಊಟ, ಓಟದ ದಿನ ಹೊಸ ಬೂಟು ಎರಡೂ ಬೇಡ. ಊರಿಂದ ತಂದ ಶೇಂಗಾ ಉಂಡೆ ಓಟ ಮುಗಿದ ಮೇಲೆ. ಕಿಸೆಯಲ್ಲಿ ನಾಲ್ಕು ಖರ್ಜೂರ ಸಾಕು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಇಷ್ಟು ದೂರ ಓಡಲೇಬಾರದು, ರಕ್ತದಲ್ಲಿ ಸಕ್ಕರೆ ದಿಢೀರನೆ ಇಳಿದುಬಿಡುತ್ತದೆ.

ಓಟ ಹೊರಡುವುದು ನಸುಕಿನಲ್ಲಿ. ಫಜ್ರ್ ನಮಾಝ್ ಎಲ್ಲಿ, ಯಾವಾಗ ಎಂಬುದನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಿ. ಕ್ರೀಡಾಂಗಣದ ಒಂದು ಮೂಲೆಯಲ್ಲಿ ನನ್ನಂತೆಯೇ ದುಪ್ಪಟ್ಟಾ ಹಾಸಿದ ಇನ್ನಿಬ್ಬರು ಹೆಂಗಸರು ಸಿಕ್ಕಿದರು. ಅವರ ಹೆಸರು ಕೇಳುವಷ್ಟೂ ಸಮಯವಿರಲಿಲ್ಲ.

ಮೊದಲ ಹತ್ತು ಕಿಲೋಮೀಟರ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ತಂಪು ಗಾಳಿ, ವಾಹನಗಳಿಲ್ಲದ ರಸ್ತೆ, ಸಾವಿರಾರು ಬೂಟುಗಳ ಸದ್ದು. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂಬ ನನ್ನ ಲೆಕ್ಕ ಸರಿಯಾಗಿ ನಡೆಯಿತು. ಆದರೆ ಬೆಂಗಳೂರು ಚಳ್ಳಕೆರೆಯಲ್ಲ. ಬಸ್ಸಿನಲ್ಲಿ ಕಾಣದ ಏರು ಕಾಲಿಗೆ ಕಾಣುತ್ತದೆ. ಹದಿನಾರನೆಯ ಕಿಲೋಮೀಟರಿನ ಹೊತ್ತಿಗೆ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ರಸ್ತೆ ಬದಿ ಕುಳಿತೆ. ಸ್ವಯಂಸೇವಕ ಹುಡುಗಿಯೊಬ್ಬಳು ಓಡಿಬಂದು ಪಾದವನ್ನು ಮೇಲಕ್ಕೆ ಬಾಗಿಸಿ ಹಿಡಿದಳು, ಕಿತ್ತಳೆ ತೊಳೆ ಕೊಟ್ಟಳು. "ಆಂಟಿ, ಗಾಡಿ ಕರೆಸಲಾ?" ಎಂದು ಕೇಳಿದಳು. ಬೇಡವೆನ್ನಲು ಧೈರ್ಯವೇನೂ ಬೇಕಾಗಲಿಲ್ಲ. ನಿಗದಿತ ಸಮಯಕ್ಕೆ ಇನ್ನೂ ಸಾಕಷ್ಟು ಹೊತ್ತಿತ್ತು, ನಡೆದರೂ ಮುಗಿಯುತ್ತಿತ್ತು. ಉಳಿದ ಐದರಲ್ಲಿ ಮೂರು ಕಿಲೋಮೀಟರ್ ನಡೆದೇ ಹೋದೆ. ನನ್ನ ಪಕ್ಕದಲ್ಲೇ ಬಿಳಿ ಕೂದಲಿನ ಹಿರಿಯರೊಬ್ಬರು ಒಂದೇ ಲಯದಲ್ಲಿ ಓಡುತ್ತ ಮುಂದೆ ಸಾಗಿದರು. ಅಸೂಯೆ ಆಗಲಿಲ್ಲ ಎಂದರೆ ಸುಳ್ಳಾದೀತು.

ಮುಗಿಸಿದಾಗ ಮೂರು ಗಂಟೆಗೆ ಎರಡು ನಿಮಿಷ ಕಡಿಮೆ. ಕಟಕಟೆಯ ಆಚೆ ಮಕ್ಕಳು ಕೂಗುತ್ತಿದ್ದರು. ಅಮ್ಮಿ ಮೆಟ್ಟಿಲ ಮೇಲೆ ಕುಳಿತಿರುತ್ತಾರೆಂದುಕೊಂಡಿದ್ದೆ. ಊರುಗೋಲು ಹಿಡಿದು ಮುಂದಿನ ಸಾಲಿನಲ್ಲಿ ನಿಂತೇ ಇದ್ದರು. ಪದಕ ನೋಡಲಿಲ್ಲ, ಬಗ್ಗಿ ನನ್ನ ಕಾಲು ನೋಡಿದರು. "ಬೂಟು ಬಿಚ್ಚು" ಎಂದರು. ಬಿಚ್ಚಿದೆ. ಒಂದೊಂದೇ ಬೆರಳನ್ನು ಮುಟ್ಟಿ ನೋಡಿ, ಒಂದು ಬೊಬ್ಬೆ ಬಿಟ್ಟರೆ ಎಲ್ಲ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ನೀರಿನ ಬಾಟಲಿ ಕೊಟ್ಟದ್ದು.

ಮಧ್ಯಾಹ್ನದ ಬಸ್ಸಿನಲ್ಲಿ ಹೊರಟು ರಾತ್ರಿಯೊಳಗೆ ಚಳ್ಳಕೆರೆ ಸೇರಿದೆವು. ಸೋಮವಾರ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡೆ, ಮಂಗಳವಾರ ಅದೂ ಬೇಕಾಗಲಿಲ್ಲ. ಎಚ್‌ಬಿಎ1ಸಿ ಈಗ 5.6ಕ್ಕೆ ಇಳಿದಿದೆ. ಬೆಂಗಳೂರಿನಲ್ಲಿ ಅದೇ ದಿನ 5 ಕಿಲೋಮೀಟರಿನ ಓಟವೂ ಇರುತ್ತದೆ, ಅದರಲ್ಲಿ ನಡೆಯುತ್ತಲೇ ಮುಗಿಸುವ ಹಿರಿಯರನ್ನು ಅಮ್ಮಿ ಕಣ್ಣಾರೆ ಕಂಡಿದ್ದಾರೆ. ಮುಂದಿನ ಬಾರಿ ಅದಕ್ಕೆ ಅವರ ಹೆಸರು ಕೊಡೋಣವೆಂದರೆ ಒಪ್ಪುತ್ತಿಲ್ಲ. ಆದರೆ ಸಂಜೆ ಅಸರ್ ಆದ ಮೇಲೆ ಮಗಳ ಕೈ ಹಿಡಿದು ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದಾರೆ.