ಬೇವುಲ್ಫ್ ಸ್ವರ್ಗಕ್ಕೆ ಹೋದನೇ?



ನಮ್ಮ ಯುವಸಂಘದಲ್ಲಿ ಬಿ.ಎ. ಓದುವ ತಂಗಿಯೊಬ್ಬಳಿದ್ದಾಳೆ. ಪರೀಕ್ಷೆಗೆ ಮುಂಚೆ ಒಂದು ಭಾನುವಾರ ಪೂಜೆ ಮುಗಿದ ಮೇಲೆ ನೋಟ್ಸ್ ಹಿಡಿದುಕೊಂಡು ಬಂದು, "ಅಣ್ಣಾ, ಈ ಬೇವುಲ್ಫ್ ಸ್ವಲ್ಪ ಹೇಳಿಕೊಡಿ" ಅಂದಳು. ನಾವು ಬಿ.ಎಸ್‌ಸಿ. ಓದಿದವರು. ಕಪ್ಪೆ ಕೊಯ್ಯುವುದು ಗೊತ್ತು, ಬೇವುಲ್ಫ್ ಗೊತ್ತಿಲ್ಲ. ಆದರೂ ಇಲ್ಲ ಅನ್ನಲು ಮನಸ್ಸಾಗದೆ ಇವತ್ತಿನ ಇಂಗ್ಲಿಷಿನ ಅನುವಾದವೊಂದನ್ನು ಹುಡುಕಿ, ನಾಲ್ಕು ವಾರ ಚರ್ಚಿನ ಹಾಲ್‌ನಲ್ಲಿ ಎಲ್ಲರೂ ಕೂತು ಓದಿದೆವು. ಮೂಲದ ಭಾಷೆ ಇವತ್ತಿನ ಇಂಗ್ಲಿಷರಿಗೇ ಅರ್ಥವಾಗುವುದಿಲ್ಲವಂತೆ. ನಮಗೆ ಪಂಪನ ಹಳಗನ್ನಡಕ್ಕಿಂತಲೂ ಕಷ್ಟ.

ಕಥೆ ನಡೆಯುವುದು ಇಂಗ್ಲೆಂಡಿನಲ್ಲೇ ಅಲ್ಲ, ಡೆನ್ಮಾರ್ಕ್ ಮತ್ತು ಸ್ವೀಡನ್ ಕಡೆ. ರೋಮನರು ಬಿಟ್ಟುಹೋದ ಬ್ರಿಟನ್ನಿಗೆ 5ನೇ ಶತಮಾನದಲ್ಲಿ ಸಮುದ್ರ ದಾಟಿ ಬಂದ ಆಂಗಲ್, ಸ್ಯಾಕ್ಸನ್, ಜ್ಯೂಟ್ ಜನ ತಮ್ಮ ಹಳೆಯ ನಾಡಿನ ನೆನಪುಗಳನ್ನೂ ಹೊತ್ತು ತಂದಿದ್ದರು. ಡೆನ್ಮಾರ್ಕಿನ ರಾಜ ಹ್ರೋತ್‌ಗಾರನ ದೊಡ್ಡ ಸಭಾಭವನಕ್ಕೆ ಗ್ರೆಂಡೆಲ್ ಎಂಬ ರಾಕ್ಷಸ ರಾತ್ರಿ ನುಗ್ಗಿ ಜನರನ್ನು ತಿನ್ನುತ್ತಾನೆ, ಅದೂ ಹನ್ನೆರಡು ವರ್ಷ. ಬೇವುಲ್ಫ್ ಕಡಲು ದಾಟಿ ಬಂದು ಬರಿಗೈಯಲ್ಲಿ ಅವನ ತೋಳನ್ನೇ ಕಿತ್ತುಹಾಕುತ್ತಾನೆ. ಆ ಗ್ರೆಂಡೆಲ್ ಯಾರ ವಂಶ ಗೊತ್ತೇ? ತಮ್ಮನನ್ನು ಕೊಂದ ಕಾಯಿನನ ವಂಶ! ಆದಿಕಾಂಡದ ಕಾಯಿನ ಇಲ್ಲಿಗೆ ಹೇಗೆ ಬಂದ ಅಂತ ಎಲ್ಲರೂ ಎದ್ದು ಕೂತೆವು.

ಬಂದದ್ದು ಹೀಗೆ. ಪೋಪ್ ಗ್ರೆಗೊರಿಯವರು ಕಳಿಸಿದ ಅಗಸ್ಟಿನ್ ಎಂಬ ಸನ್ಯಾಸಿ 597ರಲ್ಲಿ ಕೆಂಟ್‌ಗೆ ಬಂದಿಳಿದರು (ಸಂತ ಮೋನಿಕಾರ ಮಗ ಅಗಸ್ಟಿನ್ ಅಲ್ಲ, ಅವರು ಇನ್ನೂ ಹಿಂದಿನವರು). 601ರಲ್ಲಿ ಅದೇ ಪೋಪ್ ಬರೆದ ಒಂದು ಪತ್ರ ನಮಗೆ ತುಂಬ ಹಿಡಿಸಿತು: ಅಲ್ಲಿನ ವಿಗ್ರಹಗಳನ್ನು ತೆಗೆಯಿರಿ, ಆದರೆ ಗುಡಿಗಳನ್ನು ಕೆಡವಬೇಡಿ, ತೀರ್ಥ ಚಿಮುಕಿಸಿ ಪೀಠ ಕಟ್ಟಿ ಎಂಬುದು ಅದರ ಸಾರ. ಬೇವುಲ್ಫ್ ಹಾಡಿದ ಕವಿಯೂ ಕ್ರೈಸ್ತ, ಅವನ ನಾಯಕ ಮಾತ್ರ ಯೇಸುವಿನ ಹೆಸರೇ ಕೇಳದವನು. 3182 ಸಾಲುಗಳಲ್ಲಿ ಒಮ್ಮೆಯೂ ಯೇಸುವಿನ ಹೆಸರಿಲ್ಲ. ಉಳಿದಿರುವುದು ಒಂದೇ ಹಸ್ತಪ್ರತಿ. ಸುಮಾರು ಸಾವಿರ ವರ್ಷದಷ್ಟು ಹಳೆಯದು, 1731ರ ಬೆಂಕಿಯಲ್ಲಿ ಅಂಚು ಸುಟ್ಟು ಹೇಗೋ ಉಳಿದುಕೊಂಡಿತು.

ಕೊನೆಯಲ್ಲಿ ಬೇವುಲ್ಫ್ ಮುದುಕ. ಐವತ್ತು ವರ್ಷ ರಾಜನಾಗಿದ್ದವನು ಬೆಂಕಿ ಉಗುಳುವ ಡ್ರ್ಯಾಗನ್ ಎದುರು ನಿಂತಾಗ ಜೊತೆಗಾರರೆಲ್ಲ ಕಾಡಿಗೆ ಓಡುತ್ತಾರೆ. ವಿಗ್ಲಾಫ್ ಎಂಬ ಯುವಕ ಒಬ್ಬನೇ ಉಳಿಯುತ್ತಾನೆ. "ಗೆತ್ಸೆಮನಿ ತೋಟದ ಹಾಗೇ ಇದೆಯಲ್ಲ" ಅಂದ ನಮ್ಮ ಕಾಯರ್ ಹುಡುಗ. ರಾಜ ಸಾಯುತ್ತಾನೆ.

ಆಗ ನೋಟ್ಸ್ ತಂದ ತಂಗಿಯೇ ಕೇಳಿದಳು: "ಅಣ್ಣಾ, ಅವನು ಸ್ವರ್ಗಕ್ಕೆ ಹೋದನಾ?"

ಅವಳು ಕೇಳಿದ್ದು ಬೇವುಲ್ಫ್ ಬಗ್ಗೆ ಅಲ್ಲ. ಅವಳ ತಾಯಿ ಮದುವೆಯ ಸಮಯದಲ್ಲಿ ದೀಕ್ಷಾಸ್ನಾನ ಪಡೆದವರು. ತಾಯಿಯ ತಾಯಿ ಪಡೆಯಲಿಲ್ಲ. ಆ ಅಜ್ಜಿಯೇ ಪ್ರತಿ ಭಾನುವಾರ ಇವಳನ್ನು ಕ್ಯಾಟೆಕಿಸಂಗೆ ಕರೆತಂದು ಗೇಟಿನ ಹತ್ತಿರ ಛತ್ರಿ ಹಿಡಿದು ಕಾಯುತ್ತಿದ್ದರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ದೀಕ್ಷಾಸ್ನಾನವಿಲ್ಲದವರಿಗೆ ಸ್ವರ್ಗವಿಲ್ಲ ಎಂದು ಅವಳಿಗೆ ತರಗತಿಯಲ್ಲಿ ಹೇಳಿದ್ದು ಬೇರೆ ಯಾರೂ ಅಲ್ಲ, ನಾವೇ. ಪುಸ್ತಕ ಸರಿಯಾಗಿ ಓದದೆ, ಬಲು ಧೈರ್ಯದಿಂದ ಹೇಳಿದ್ದೆವು.

ಮತ್ತೆ ಆ ಪುಟ ತೆಗೆದೆವು. ಡೇನರು ವಿಗ್ರಹಗಳ ಮುಂದೆ ಹರಕೆ ಹೊತ್ತಾಗ ಕವಿ ದುಃಖಪಡುತ್ತಾನೆ, ಮುಚ್ಚಿಡುವುದಿಲ್ಲ. ಆದರೆ ಬೇವುಲ್ಫ್ ಸತ್ತಾಗ ನರಕಕ್ಕೆ ಹೋದ ಎನ್ನುವುದಿಲ್ಲ. ಅವನ ಆತ್ಮ ನೀತಿವಂತರಿಗೆ ಸಿಗುವ ತೀರ್ಪನ್ನು ಅರಸಿ ಹೊರಟಿತು ಎಂಬರ್ಥದ ಮಾತನ್ನಷ್ಟೇ ಹೇಳಿ ಮುಂದೆ ಹೋಗುತ್ತಾನೆ. ತನ್ನ ಪೂರ್ವಜರನ್ನು ಬಿಟ್ಟುಕೊಡಲು ಅವನಿಗೂ ಮನಸ್ಸಿರಲಿಲ್ಲ ಅನ್ನಿಸಿತು.

ಫಾದರ್ ಹತ್ತಿರ ಹೋದೆವು. ಅವರು ಎರಡನೇ ವ್ಯಾಟಿಕನ್ ಮಹಾಸಭೆಯ ಪುಸ್ತಕ ತೆಗೆದು, 1964ರ 'ಲೂಮೆನ್ ಜೆಂಟಿಯುಂ' ಪತ್ರದ 16ನೇ ಭಾಗ ತೋರಿಸಿದರು. ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದವರು, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸಿ ಮನಸ್ಸಾಕ್ಷಿಯಂತೆ ಬಾಳಿದರೆ, ಅವರಿಗೂ ರಕ್ಷಣೆ ಸಾಧ್ಯ ಎಂದು ಧರ್ಮಸಭೆ ಅಲ್ಲಿ ಹೇಳುತ್ತದೆ. ತಂಗಿ ಅದನ್ನು ಎರಡು ಸಲ ಓದಿದಳು. ನಾವು ಅವಳ ಕ್ಷಮೆ ಕೇಳಿದೆವು.

ಮುಂದಿನ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಮೃತರ ಪಟ್ಟಿಗೆ ಅಜ್ಜಿಯ ಹೆಸರನ್ನು ಅವಳೇ ಬರೆದುಕೊಟ್ಟಳು, ಅವಳೇ ಓದಿದಳು. ಪರೀಕ್ಷೆಯಲ್ಲಿ ಬೇವುಲ್ಫ್ ಬರಲೇ ಇಲ್ಲವಂತೆ, ಚಾಸರ್ ಬಂದಿದ್ದನಂತೆ.